ಪ್ರೈಮರಿಯಲ್ಲಿ ಬ್ಯಾಲೆಟ್ ಸಿಗಲಿಲ್ಲ, ನವೆಂಬರ್‌ನಲ್ಲಿ ಯಾರಿಗೆ ಹಾಕಲಿ? ಪೆನ್ಸಿಲ್ವೇನಿಯಾದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: "ಮೇಡಂ, ನಾವು ದಾವಣಗೆರೆ ಕಡೆಯವರು. ಈಗ ಫಿಲಡೆಲ್ಫಿಯಾ ಹೊರಗಿನ ಒಂದು ಸಬರ್ಬ್‌ನಲ್ಲಿದ್ದೇವೆ. ಸಿಟಿಜನ್‌ಶಿಪ್ ಸಿಕ್ಕ ತಕ್ಷಣ ವೋಟರ್ ಫಾರಂ ತುಂಬಿದೆ. ಪಾರ್ಟಿ ಯಾವುದು ಅಂತ ಕೇಳಿದ ಕಡೆ 'ಯಾವುದೂ ಇಲ್ಲ' ಅಂತ ಟಿಕ್ ಹಾಕಿದೆ. ನಾನ್ಯಾಕೆ ಪಕ್ಷದ ಕಾರ್ಯಕರ್ತ ಆಗಲಿ ಅಂತ. ಮೇ ತಿಂಗಳಲ್ಲಿ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿ ಆರಿಸುವ ಚುನಾವಣೆಗೆ, ಹೋದರೆ ನಿಮಗೆ ಬ್ಯಾಲೆಟ್ ಇಲ್ಲ ಅಂದುಬಿಟ್ಟರು. ಎರಡು ದೊಡ್ಡ ಪಕ್ಷಗಳ ಮೇಲೂ ನನಗೆ ನಂಬಿಕೆ ಇಲ್ಲ. ಮೂರನೇ ಪಕ್ಷಕ್ಕೆ ಹಾಕೋಣ ಅಂದರೆ ಸ್ನೇಹಿತರು 'ವೋಟು ವೇಸ್ಟು' ಅಂತಾರೆ. ಒಬ್ಬನಂತೂ 'ಎದುರು ಪಾರ್ಟಿಯಲ್ಲಿ ಹೆಸರು ಬರೆಸಿ, ಅವರ ಪ್ರೈಮರಿಯಲ್ಲಿ ದುರ್ಬಲ ಅಭ್ಯರ್ಥಿಗೆ ಹಾಕು' ಅಂತ ಐಡಿಯಾ ಕೊಟ್ಟ. ಪಕ್ಷದ ಹೆಸರು ಬರೆಸಿದರೆ ಆಫೀಸಿನಲ್ಲಿ ಗೊತ್ತಾಗುತ್ತಾ? ಇನ್ನೊಂದು ವಿಷಯ. ನನ್ನ ಹೆಂಡತಿ ಇನ್ನೂ ಗ್ರೀನ್ ಕಾರ್ಡ್‌ನಲ್ಲಿದ್ದಾಳೆ. ಡ್ರೈವಿಂಗ್ ಲೈಸೆನ್ಸ್ ರಿನ್ಯೂವಲ್‌ಗೆ ಹೋಗಬೇಕು. ಅಲ್ಲಿ ವೋಟರ್ ರಿಜಿಸ್ಟ್ರೇಷನ್ ಬಗ್ಗೆ ಕೇಳ್ತಾರಂತೆ. ಏನು ಹೇಳಬೇಕು?"

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದ ವಿಷಯಗಳಲ್ಲಿ ಎಡವಿದರೆ ಮುಂದಿನ ಚುನಾವಣೆಯಲ್ಲಿ ಸರಿಮಾಡಿಕೊಳ್ಳಬಹುದು. ಇದರಲ್ಲಿ ಹಾಗಲ್ಲ.

ಗ್ರೀನ್ ಕಾರ್ಡ್ ಇರುವವರು ಅಮೆರಿಕದ ಫೆಡರಲ್ ಮತ್ತು ರಾಜ್ಯ ಚುನಾವಣೆಗಳಲ್ಲಿ ವೋಟು ಹಾಕುವ ಹಾಗಿಲ್ಲ. ರಿಜಿಸ್ಟರ್ ಕೂಡ ಆಗುವ ಹಾಗಿಲ್ಲ. ನಾನು ಸಿಟಿಜನ್ ಅಂತ ಫಾರಂನಲ್ಲಿ ಸುಳ್ಳು ಘೋಷಣೆ ಹೋದರೆ ಗಡೀಪಾರಿನವರೆಗೂ ಹೋಗಬಹುದು. ಸಿಟಿಜನ್‌ಶಿಪ್ ಅರ್ಜಿಯಲ್ಲಿ, ಅಂದರೆ ಎನ್-400 ಫಾರಂನಲ್ಲಿ, "ಹಿಂದೆ ಎಲ್ಲಾದರೂ ವೋಟರ್ ಆಗಿ ರಿಜಿಸ್ಟರ್ ಆಗಿದ್ದಿರಾ, ವೋಟು ಹಾಕಿದ್ದಿರಾ" ಅಂತ ನೇರವಾಗಿ ಕೇಳುತ್ತಾರೆ. ಕೌಂಟರಿನಲ್ಲಿ ಕೂತವರು ಎಲ್ಲರನ್ನೂ ಕೇಳುವ ಹಾಗೆ ನಿಮ್ಮ ಮನೆಯವರನ್ನೂ ಕೇಳಬಹುದು. ಕೇಳಿದರು ಅಂದ ಮಾತ್ರಕ್ಕೆ ಅರ್ಹತೆ ಇದೆ ಅಂತಲ್ಲ. ಸ್ಕ್ರೀನಿನಲ್ಲಿ ಬಂದದ್ದಕ್ಕೆಲ್ಲ ಸುಮ್ನೆ 'ಯೆಸ್' ಒತ್ತುತ್ತಾ ಹೋಗಬಾರದು. "ನಾನು ಸಿಟಿಜನ್ ಅಲ್ಲ, ರಿಜಿಸ್ಟ್ರೇಷನ್ ಬೇಡ" ಅಂತ ಬಾಯಿಬಿಟ್ಟು ಹೇಳಲಿ, ಸಹಿ ಹಾಕುವ ಮುಂಚೆ ಓದಲಿ. ಮುಂದೆ ಯಾವತ್ತಾದರೂ ಅವರ ಹೆಸರಿಗೆ ವೋಟರ್ ಕಾರ್ಡ್ ಮನೆಗೆ ಬಂದರೆ ಬಳಸಬೇಡಿ. ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ. ಆಮೇಲೆ ಕೌಂಟಿ ಆಫೀಸಿಗೆ ಬರೆಯಿರಿ.

ಈಗ ನಿಮ್ಮ ವೋಟಿನ ವಿಷಯ.

ನಾನು ಅಮೆರಿಕದ ಸರ್ಕಾರ ವ್ಯವಸ್ಥೆ ಪಾಠ ಮಾಡುವವಳು. ಚುನಾವಣೆಯ ದಿನ ಮತಗಟ್ಟೆಯಲ್ಲೂ ಕೆಲಸ ಮಾಡುತ್ತೇನೆ. ನಿಮಗಾದದ್ದನ್ನು ಮೇಜಿನ ಈ ಕಡೆಯಿಂದ ಪ್ರತಿ ಪ್ರೈಮರಿಯಲ್ಲೂ ನೋಡುತ್ತೇನೆ. ಒಬ್ಬರು ಬರುತ್ತಾರೆ, ಹೆಸರು ಹೇಳುತ್ತಾರೆ. ಪೋಲ್ ಬುಕ್‌ನಲ್ಲಿ ಹೆಸರಿದೆ, ವಿಳಾಸವಿದೆ, ಸಹಿಯೂ ಇದೆ. ಆದರೆ ಪಕ್ಷದ ಕಾಲಮ್ಮಿನಲ್ಲಿ ಡೆಮಾಕ್ರಟಿಕ್ ಅಂತಲೂ ಇಲ್ಲ, ರಿಪಬ್ಲಿಕನ್ ಅಂತಲೂ ಇಲ್ಲ. ಮೇಜಿನ ಮೇಲೆ ಎರಡು ಕಟ್ಟು ಬ್ಯಾಲೆಟ್, ಒಂದು ಆ ಪಕ್ಷದ್ದು, ಒಂದು ಈ ಪಕ್ಷದ್ದು. ಮೂರನೇ ಕಟ್ಟು ಇರುವುದು ಅವತ್ತೇ ಏನಾದರೂ ಜನಮತ ಪ್ರಶ್ನೆಯೋ ವಿಶೇಷ ಚುನಾವಣೆಯೋ ಇದ್ದರೆ ಮಾತ್ರ. ಇಲ್ಲದಿದ್ದರೆ ಅವರನ್ನು ವಾಪಸ್ ಕಳಿಸಬೇಕು. ರಜೆ ಹಾಕಿ, ಮಗುವನ್ನೂ ಕರೆದುಕೊಂಡು ಬಂದವರಿಗೆ ಇದನ್ನು ಹೇಳುವಾಗ ನನಗೆ ಬೇಜಾರಾಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಹೀಗೆ ಎರಡೂ ಪಕ್ಷಗಳ ಹೊರಗೆ ಹೆಸರು ಬರೆಸಿದವರು ಹತ್ತು ಲಕ್ಷಕ್ಕೂ ಜಾಸ್ತಿ ಇದ್ದಾರೆ.

ನಮ್ಮೂರಿಂದ ಬಂದವರಿಗೆ ಇಲ್ಲಿ ಗೊಂದಲ ಆಗೋದು ಸಹಜ. ನಮ್ಮಲ್ಲಿ ಟಿಕೆಟ್ ಕೊಡೋದು ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬರುತ್ತೆ ಅಂತ ಕೊನೇ ಗಳಿಗೆವರೆಗೂ ಅಭ್ಯರ್ಥಿಗೇ ಗೊತ್ತಿರಲ್ಲ. ಮತದಾರರ ಕೆಲಸ ಅದಾದ ಮೇಲೆ ಶುರು. ಅಮೆರಿಕದಲ್ಲಿ ಆ ಬಿ ಫಾರಂ ಕೊಡುವವರು ಮತದಾರರೇ. ಅದು ನಡೆಯೋದು ಪ್ರೈಮರಿಯಲ್ಲಿ. ಪೆನ್ಸಿಲ್ವೇನಿಯಾದಲ್ಲಿ ಅದಕ್ಕೊಂದು ಬೇಲಿ ಇದೆ: ಆಯಾ ಪಕ್ಷದ ಹೆಸರಲ್ಲಿ ರಿಜಿಸ್ಟರ್ ಆದವರಿಗೆ ಮಾತ್ರ ಪ್ರವೇಶ. ಎಲ್ಲ ರಾಜ್ಯಗಳೂ ಹೀಗಿಲ್ಲ. ಟೆಕ್ಸಸ್‌ನಲ್ಲಿ ರಿಜಿಸ್ಟರ್ ಮಾಡುವಾಗ ಪಕ್ಷವನ್ನೇ ಕೇಳಲ್ಲ. ಪ್ರೈಮರಿ ದಿನ ಯಾವ ಪಕ್ಷದ ಬ್ಯಾಲೆಟ್ ಬೇಕು ಅಂತ ಅಲ್ಲೇ ಹೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಧ್ಯಕ್ಷ ಹುದ್ದೆ ಬಿಟ್ಟರೆ ಅಮೆರಿಕದ ಸಂಸತ್ತಿಗೂ ರಾಜ್ಯದ ಹುದ್ದೆಗಳಿಗೂ ಎಲ್ಲ ಪಕ್ಷದವರು ಒಂದೇ ಬ್ಯಾಲೆಟ್ಟಿನಲ್ಲಿ ಇರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಹಾಗಾಗಿ ಡಾಲಸ್‌ನಲ್ಲಿರೋ ಅಣ್ಣನ ಅನುಭವ, ಸ್ಯಾನ್ ಹೋಸೆಯಲ್ಲಿರೋ ಭಾವನ ಸಲಹೆ ನಿಮಗೆ ಆಗಿಬರಲ್ಲ.

ಪಕ್ಷದ ಹೆಸರಲ್ಲಿ ರಿಜಿಸ್ಟರ್ ಆದರೆ ಕಾರ್ಯಕರ್ತ ಆಗುತ್ತೀರಿ ಅನ್ನೋದು ನಿಜವಲ್ಲ. ಚಂದಾ ಇಲ್ಲ, ಸದಸ್ಯತ್ವದ ಕಾರ್ಡಿಲ್ಲ, ಸಭೆಗೆ ಕರೆಯಲ್ಲ. ನವೆಂಬರ್‌ನಲ್ಲಿ ಆ ಪಕ್ಷಕ್ಕೇ ಹಾಕಬೇಕು ಅನ್ನೋ ಕಟ್ಟುಪಾಡೂ ಇಲ್ಲ. ಪ್ರೈಮರಿಗೆ 15 ದಿನ ಮುಂಚಿನವರೆಗೆ ಬದಲಾಯಿಸಬಹುದು. ಪ್ರೈಮರಿ ಮುಗಿದ ಮೇಲೆ ಮತ್ತೆ "ಯಾವುದೂ ಇಲ್ಲ" ಅಂತ ಮಾಡಿಕೊಂಡರೂ ಯಾರೂ ಕೇಳಲ್ಲ.

ಆದರೆ ನಿಮ್ಮ ಇನ್ನೊಂದು ಅನುಮಾನದಲ್ಲಿ ಹುರುಳಿದೆ. ಯಾವ ಪಕ್ಷದಲ್ಲಿ ರಿಜಿಸ್ಟರ್ ಆಗಿದ್ದೀರಿ, ಯಾವ ಯಾವ ಚುನಾವಣೆಯಲ್ಲಿ ವೋಟು ಹಾಕಿದ್ದೀರಿ ಅನ್ನೋದು ಪೆನ್ಸಿಲ್ವೇನಿಯಾದ ವೋಟರ್ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯನ್ನು ದುಡ್ಡು ಕೊಟ್ಟು ಪಡೆಯಬಹುದು. ಯಾರಿಗೆ ಹಾಕಿದಿರಿ ಅನ್ನೋದು ಮಾತ್ರ ಗುಟ್ಟು. ಹಾಗಾಗಿ ಆಫೀಸಿನಲ್ಲಿ ಯಾರಾದರೂ ಹಠ ಹಿಡಿದು ಹುಡುಕಿದರೆ ಪಕ್ಷದ ಹೆಸರು ಸಿಗುತ್ತೆ. ಇದರಿಂದ ಕೆಲಸಕ್ಕೆ ತೊಂದರೆ ಆಯಿತು ಅಂತ ನನ್ನ ಬಳಿ ಯಾರೂ ಬಂದಿಲ್ಲ. ನಿಜವಾದ ಕಿರಿಕಿರಿ ಬೇರೆ. ಮೆಸೇಜು, ಫೋನು, ಅಂಚೆಪೆಟ್ಟಿಗೆ ತುಂಬ ಬಣ್ಣದ ಕಾರ್ಡು. ಸೆಪ್ಟೆಂಬರ್ ಬಂತು ಅಂದರೆ ಅದೊಂದು ಮಳೆಗಾಲ.

ಇಷ್ಟೆಲ್ಲ ಕಿರಿಕಿರಿ ಯಾಕೆ ಸಹಿಸಬೇಕು? ನಿಮ್ಮ ರಾಜ್ಯದ್ದೇ ಒಂದು ಕಥೆ ಹೇಳುತ್ತೇನೆ. 2022ರ ಮೇ ತಿಂಗಳು, ಸೆನೆಟ್ ಸೀಟಿಗೆ ರಿಪಬ್ಲಿಕನ್ ಪ್ರೈಮರಿ. ಟಿವಿಯಿಂದ ಎಲ್ಲರಿಗೂ ಗೊತ್ತಿದ್ದ ಡಾಕ್ಟರ್ ಮೆಹ್ಮೆತ್ ಓಜ್ ಒಂದು ಕಡೆ, ಹೆಡ್ಜ್ ಫಂಡ್ ಮುಖ್ಯಸ್ಥರಾಗಿದ್ದ ಡೇವಿಡ್ ಮೆಕಾರ್ಮಿಕ್ ಇನ್ನೊಂದು ಕಡೆ, ಜತೆಗೆ ಬೇರೆ ಹಲವರು. 13 ಲಕ್ಷಕ್ಕೂ ಹೆಚ್ಚು ವೋಟು ಬಿದ್ದವು. ಮರುಎಣಿಕೆಯೂ ಆಯಿತು. ಓಜ್ ಗೆದ್ದದ್ದು 951 ವೋಟಿನಿಂದ. ಅವರಿಗೆ ಸಿಕ್ಕಿದ್ದು ಒಟ್ಟು ವೋಟಿನ ಸುಮಾರು 31 ಶೇಕಡಾ ಮಾತ್ರ. ಮೂರರಲ್ಲಿ ಎರಡು ಪಾಲು ಬೇಡ ಅಂದವರು ಪಕ್ಷದ ಅಭ್ಯರ್ಥಿ ಆದರು. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಫೆಟರ್‌ಮನ್ ಎದುರು ಸೋತರು. "ಒಳ್ಳೆ ಅಭ್ಯರ್ಥಿಗಳೇ ಇಲ್ಲ" ಅಂತ ಆ ನವೆಂಬರ್‌ನಲ್ಲಿ ನನ್ನ ಹತ್ತಿರ ಗೊಣಗಿದವರಲ್ಲಿ ಬಹಳ ಜನ ಮೇ ತಿಂಗಳಲ್ಲಿ ಮನೆಯಲ್ಲೇ ಇದ್ದರು, ಇಲ್ಲವೇ ನಿಮ್ಮ ಹಾಗೆ ಬೇಲಿ ಹೊರಗಿದ್ದರು.

ಎರಡು ವರ್ಷ ಕಳೆಯಿತು. 2024ರಲ್ಲಿ ಅದೇ ಮೆಕಾರ್ಮಿಕ್ ಇನ್ನೊಂದು ಸೆನೆಟ್ ಸೀಟಿಗೆ ನಿಂತರು. ಎದುರಿಗೆ 2007ರಿಂದ ಸೆನೆಟರ್ ಆಗಿದ್ದ, ಡೆಮಾಕ್ರಟಿಕ್ ಪಕ್ಷದ ಬಾಬ್ ಕೇಸಿ. ಸುಮಾರು 70 ಲಕ್ಷ ವೋಟಿನಲ್ಲಿ ಮೆಕಾರ್ಮಿಕ್ ಗೆದ್ದ ಅಂತರ 15 ಸಾವಿರದ ಆಸುಪಾಸು. ನಿಮ್ಮ ಮೂರನೇ ಪಕ್ಷದ ಪ್ರಶ್ನೆ ಬರೋದು ಇಲ್ಲೇ. ಆ ಬ್ಯಾಲೆಟ್ಟಿನಲ್ಲಿ ಲಿಬರ್ಟೇರಿಯನ್, ಗ್ರೀನ್, ಕಾನ್‌ಸ್ಟಿಟ್ಯೂಷನ್ ಪಕ್ಷದವರೂ ಇದ್ದರು. ಮೂವರಲ್ಲಿ ಒಬ್ಬೊಬ್ಬರಿಗೂ ಆ ಅಂತರಕ್ಕಿಂತ ಜಾಸ್ತಿ ವೋಟು ಬಿದ್ದಿತ್ತು.

ಹಾಗಾದರೆ ಕೇಸಿ ಸೋತಿದ್ದು ಮೂರನೇ ಪಕ್ಷದಿಂದಲೇ? ಹಾಗಂತ ಹೇಳಲಾಗಲ್ಲ. ಗ್ರೀನ್ ಪಕ್ಷ ಎಡಕ್ಕೆ, ಕಾನ್‌ಸ್ಟಿಟ್ಯೂಷನ್ ಪಕ್ಷ ಬಲಕ್ಕೆ. ಲಿಬರ್ಟೇರಿಯನ್ ವೋಟರ್ ಇಬ್ಬರಿಗೂ ಹೋಗಬಹುದಿತ್ತು, ವೋಟೇ ಹಾಕದೆ ಮನೆಯಲ್ಲೂ ಉಳಿಯಬಹುದಿತ್ತು. "ಆ ವೋಟೆಲ್ಲ ನಮ್ಮದೇ ಆಗಿತ್ತು, ಅವರು ಒಡೆದರು" ಅನ್ನೋದು ಸೋತವರ ಲೆಕ್ಕ. ನಮ್ಮಲ್ಲೂ ತ್ರಿಕೋನ ಸ್ಪರ್ಧೆ ಆದ ಕಡೆಯೆಲ್ಲ ಇದನ್ನು ಕೇಳುತ್ತೇವೆ. ಹಾಗಂತ ಅದು ಪೂರ್ತಿ ಸುಳ್ಳೂ ಅಲ್ಲ. 2000ದ ಫ್ಲಾರಿಡಾ ನೋಡಿ. ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಮತ್ತು ಡೆಮಾಕ್ರಟಿಕ್ ಪಕ್ಷದ ಗೋರ್ ನಡುವೆ 537 ವೋಟಿನ ಅಂತರ. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಬಿದ್ದದ್ದು 97 ಸಾವಿರಕ್ಕೂ ಹೆಚ್ಚು. ಅದರಲ್ಲಿ ನೂರಕ್ಕೆ ಒಬ್ಬರು ಹೆಚ್ಚುವರಿಯಾಗಿ ಗೋರ್ ಕಡೆ ವಾಲಿದ್ದರೂ ಅಧ್ಯಕ್ಷರೇ ಬೇರೆ ಆಗುತ್ತಿದ್ದರು. ನಿಮ್ಮ ಸ್ನೇಹಿತರ ಭಯ ಹುಟ್ಟಿದ್ದು ಇಂಥ ಕಡೆ. ಪೆನ್ಸಿಲ್ವೇನಿಯಾದಲ್ಲಿ ಆ ಭಯಕ್ಕೆ ಬೇರೆ ರಾಜ್ಯಕ್ಕಿಂತ ಜಾಸ್ತಿ ಕಾರಣ ಇದೆ.

ಆದರೆ "ವೇಸ್ಟು" ಅನ್ನೋ ಮಾತನ್ನು ನಾನು ಒಪ್ಪಲ್ಲ. ವೋಟು ವೇಸ್ಟಾದರೆ ಯಾರನ್ನೂ ಸೋಲಿಸಲ್ಲ. ಸೋಲಿಸಿತು ಅಂದರೆ ವೇಸ್ಟಲ್ಲ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಲಾಗಲ್ಲ ಅಲ್ವಾ? ಸರಿಯಾದ ಪ್ರಶ್ನೆ ಇದು: ಈ ಹುದ್ದೆಗೆ, ಈ ನಿಯಮದಲ್ಲಿ, ನನ್ನ ವೋಟು ಏನು ಮಾಡುತ್ತದೆ?

ಕರ್ನಾಟಕದ ಅಭ್ಯಾಸ ನಮ್ಮನ್ನು ಇಲ್ಲೂ ದಾರಿ ತಪ್ಪಿಸುತ್ತದೆ. 2018ರಲ್ಲಿ ಜೆಡಿಎಸ್ ಗೆದ್ದದ್ದು 37 ಸೀಟು. 104 ಗೆದ್ದ ಬಿಜೆಪಿ ವಿರೋಧ ಪಕ್ಷದಲ್ಲಿ ಕೂತಿತು, ಕುಮಾರಸ್ವಾಮಿ ಮುಖ್ಯಮಂತ್ರಿ ಆದರು. ಶಾಸಕರ ಬಲದ ಮೇಲೆ ಸರ್ಕಾರ ನಿಲ್ಲುವ ಕಡೆ ಮೂರನೇ ಪಕ್ಷಕ್ಕೆ ಹಾಕಿದ ವೋಟು ಚುನಾವಣೆ ಆದಮೇಲೂ ಕೆಲಸ ಮಾಡುತ್ತದೆ. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಕಿಂಗ್‌ಮೇಕರ್‌ಗೆ ಜಾಗವಿಲ್ಲ. 1992ರಲ್ಲಿ ಸ್ವತಂತ್ರ ಅಭ್ಯರ್ಥಿ ರಾಸ್ ಪೆರೋ ದೇಶದ ಸುಮಾರು 19 ಶೇಕಡಾ ವೋಟು ಪಡೆದರು. ಅಧ್ಯಕ್ಷರು ಯಾರು ಅಂತ ತೀರ್ಮಾನಿಸುವ, ರಾಜ್ಯವಾರು ಸಿಗುವ ಎಲೆಕ್ಟೋರಲ್ ವೋಟು ಸೊನ್ನೆ. ಯಾವ ರಾಜ್ಯದಲ್ಲೂ ಮೊದಲ ಸ್ಥಾನ ಬರಲಿಲ್ಲವಲ್ಲ, ಅದಕ್ಕೆ. ಗೆಲ್ಲಲು ಬೇಕಾದ 270 ಎಲೆಕ್ಟೋರಲ್ ವೋಟು ಯಾರಿಗೂ ಬರದಿದ್ದರೆ? ಆಗ ಸಂಸತ್ತಿನ ಕೆಳಮನೆ, ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್ ಆರಿಸುತ್ತದೆ, ಒಂದು ರಾಜ್ಯಕ್ಕೆ ಒಂದು ವೋಟಿನಂತೆ. 1824ರಲ್ಲಿ ಹಾಗೇ ಆಗಿ, ಹೆಚ್ಚು ವೋಟು ಪಡೆದ ಆಂಡ್ರ್ಯೂ ಜಾಕ್ಸನ್ ಬಿಟ್ಟು ಜಾನ್ ಕ್ವಿನ್ಸಿ ಆಡಮ್ಸ್ ಅಧ್ಯಕ್ಷರಾದರು. ಅಂಥ ಪರಿಸ್ಥಿತಿಯಲ್ಲೂ ನಿರ್ಧಾರ ದೊಡ್ಡ ಪಕ್ಷಗಳ ಸಂಸದರ ಕೈಯಲ್ಲೇ ಇರುತ್ತದೆ.

ಅಧ್ಯಕ್ಷ ಹುದ್ದೆಗೆ ಮೂರನೇ ಪಕ್ಷಕ್ಕೆ ಹಾಕುವುದಕ್ಕೆ ಒಂದು ಲೆಕ್ಕಾಚಾರದ ಕಾರಣ ಹೇಳುವವರಿದ್ದಾರೆ. ದೇಶದಲ್ಲಿ 5 ಶೇಕಡಾ ದಾಟಿದರೆ ಫೆಡರಲ್ ಚುನಾವಣಾ ನಿಧಿಯಲ್ಲಿ ಪಾಲು ಸಿಗುತ್ತದೆ. ಅದು ನಿಜ. 1996ರಲ್ಲಿ ಪೆರೋ 8 ಶೇಕಡಾ ದಾಟಿದ್ದರಿಂದ ಅವರ ರಿಫಾರ್ಮ್ ಪಕ್ಷಕ್ಕೆ 2000ದಲ್ಲಿ 1.26 ಕೋಟಿ ಡಾಲರ್ ಬಂತು. ಆ ವರ್ಷ ಪಕ್ಷದ ಅಭ್ಯರ್ಥಿಗೆ ಅರ್ಧ ಶೇಕಡಾ ವೋಟೂ ಬೀಳಲಿಲ್ಲ. ದುಡ್ಡು ಬಂದರೆ ಪಕ್ಷ ಬೆಳೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಮೂರನೇ ಪಕ್ಷ ಎಲ್ಲೂ ಗೆಲ್ಲಲ್ಲ ಅಂತ ಮಾತ್ರ ತಿಳಿಯಬೇಡಿ. ನಿಮ್ಮ ಮನೆಯಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಫಿಲಡೆಲ್ಫಿಯಾ ಸಿಟಿ ಕೌನ್ಸಿಲನ್ನೇ ನೋಡಿ. ಇಡೀ ನಗರಕ್ಕೆ ಸೇರಿದ ಏಳು ಸೀಟುಗಳಿವೆ. ಒಂದು ಪಕ್ಷ ಅದರಲ್ಲಿ ಐದಕ್ಕಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಉಳಿದ ಎರಡು ಸೀಟು ದಶಕಗಳಿಂದ ರಿಪಬ್ಲಿಕನ್ನರಿಗೆ ಹೋಗುತ್ತಿದ್ದವು. 2019ರಲ್ಲಿ ವರ್ಕಿಂಗ್ ಫ್ಯಾಮಿಲೀಸ್ ಪಕ್ಷದ ಕೆಂಡ್ರಾ ಬ್ರೂಕ್ಸ್ ಒಂದನ್ನು ಗೆದ್ದರು. 2023ರಲ್ಲಿ ಅದೇ ಪಕ್ಷದ ನಿಕೋಲಸ್ ಓರೂರ್ಕ್ ಇನ್ನೊಂದನ್ನೂ ಗೆದ್ದರು. ನಿಯಮವೇ ಜಾಗ ಬಿಟ್ಟಿತ್ತು, ಜನ ಅದನ್ನು ತಿಳಿದು ವೋಟು ಹಾಕಿದರು. ಮೇನ್ ಮತ್ತು ಅಲಾಸ್ಕಾ ರಾಜ್ಯಗಳಲ್ಲಿ ಇನ್ನೊಂದು ರೀತಿ. ಅಲ್ಲಿ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಕ್ರಮ ಕೊಡಬಹುದು. ನೀವು ಮೊದಲು ಆರಿಸಿದವರು ಹೊರಬಿದ್ದರೆ ವೋಟು ಎರಡನೆಯವರಿಗೆ ಹೋಗುತ್ತದೆ. ಅಲ್ಲಿದ್ದಿದ್ದರೆ ನಿಮ್ಮ ಈ ಸಂಕಟದಲ್ಲಿ ಅರ್ಧ ಕಡಿಮೆ ಆಗುತ್ತಿತ್ತು. ಪೆನ್ಸಿಲ್ವೇನಿಯಾದ ನವೆಂಬರ್ ಬ್ಯಾಲೆಟ್ಟಿನಲ್ಲಿ ಆ ಸೌಲಭ್ಯ ಇಲ್ಲ. ಯಾರಿಗೆ ಹೆಚ್ಚು ಬಿತ್ತೋ ಅವರೇ ಗೆದ್ದ ಹಾಗೆ.

ಇನ್ನು ನಿಮ್ಮ ಗೆಳೆಯರ ಐಡಿಯಾ. ಎದುರು ಪಕ್ಷದಲ್ಲಿ ಹೆಸರು ಬರೆಸುವುದು ಕಾನೂನಿಗೆ ವಿರುದ್ಧವಲ್ಲ. ಆದರೆ ದುರ್ಬಲರನ್ನು ಗೆಲ್ಲಿಸಲು ಹೋಗೋದು ನನಗೆ ಇಷ್ಟವಿಲ್ಲ. ಯಾಕೆ ಅಂತ ಹೇಳುತ್ತೇನೆ. 2022ರ ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜಾಶ್ ಶಪಿರೋ ಅವರ ಪ್ರಚಾರ ತಂಡ, ರಿಪಬ್ಲಿಕನ್ ಪ್ರೈಮರಿಯಲ್ಲಿ ಡಗ್ ಮಾಸ್ಟ್ರಿಯಾನೋ ಹೆಸರು ಮೇಲೆ ಬರುವ ಹಾಗೆ ಜಾಹೀರಾತು ಹಾಕಿತ್ತು. ಆ ಸಲ ಅವರ ಲೆಕ್ಕ ಸರಿಹೋಯಿತು, ಶಪಿರೋ ದೊಡ್ಡ ಅಂತರದಲ್ಲಿ ಗೆದ್ದರು. ಲೆಕ್ಕ ತಪ್ಪಿದ್ದರೆ? ನೀವು ಯಾರನ್ನು ಎಲ್ಲರಿಗಿಂತ ಕೆಟ್ಟವರು ಅಂದುಕೊಂಡಿದ್ದೀರೋ ಅವರನ್ನೇ ಗವರ್ನರ್ ಮಾಡಲು ಕೈಜೋಡಿಸಿದ ಹಾಗೆ. ಜತೆಗೆ ನಿಮಗೆ ಹತ್ತಿರವಾದ ಪಕ್ಷದಲ್ಲಿ ಯಾರು ಬರಬೇಕು ಅನ್ನೋ ಮಾತನ್ನೂ ಕಳೆದುಕೊಂಡಿರಿ. ಪ್ರಚಾರ ತಂಡಕ್ಕಾದರೆ ಕೋಟಿಗಟ್ಟಲೆ ದುಡ್ಡಿದೆ, ದಿನದಿನದ ಸಮೀಕ್ಷೆಯಿದೆ. ನಿಮ್ಮ ಹತ್ತಿರ ಒಂದೇ ವೋಟಿದೆ.

ಬೇರೆ ಪಕ್ಷದ ಪ್ರೈಮರಿಗೆ ಹೋಗುವುದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ. ನಿಮ್ಮ ಊರಿನಲ್ಲಿ ಒಂದೇ ಪಕ್ಷ ಗೆಲ್ಲುವುದಾದರೆ ನಿಜವಾದ ಚುನಾವಣೆ ಆ ಪಕ್ಷದ ಪ್ರೈಮರಿಯೇ. ಫಿಲಡೆಲ್ಫಿಯಾ ನಗರದಲ್ಲಿ 1952ರಿಂದ ಮೇಯರ್ ಆದವರೆಲ್ಲ ಡೆಮಾಕ್ರಟರೇ. 2023ರ ಮೇ ಪ್ರೈಮರಿಯಲ್ಲಿ ಶೆರೆಲ್ ಪಾರ್ಕರ್ ಮೂರನೇ ಒಂದು ಪಾಲಿನಷ್ಟು ವೋಟಿನಿಂದ ಗೆದ್ದರು. ನವೆಂಬರ್ ಬರೀ ಔಪಚಾರಿಕ ಆಗಿತ್ತು. ರಾಜ್ಯದ ಮಧ್ಯಭಾಗದ ಎಷ್ಟೋ ಕೌಂಟಿಗಳಲ್ಲಿ ರಿಪಬ್ಲಿಕನ್ ಪ್ರೈಮರಿ ಹೀಗೇ. ಅಲ್ಲಿದ್ದು, ಇದ್ದವರಲ್ಲಿ ಉತ್ತಮರನ್ನು ಆರಿಸಲು ಆ ಪಕ್ಷದಲ್ಲಿ ಹೆಸರು ಬರೆಸುವುದು ಮೋಸವಲ್ಲ. ಗೆಲ್ಲಬಾರದವರನ್ನು ತಳ್ಳಲು ಹೋಗುವುದಕ್ಕೂ, ಗೆಲ್ಲಲಿ ಅನಿಸುವವರಿಗೆ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ.

ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಮಿಶಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಹೋದದ್ದೂ ಪ್ರೈಮರಿ ಬಾಗಿಲಿಂದಲೇ. 2022ರಲ್ಲಿ ಒಂಬತ್ತು ಜನರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಸುಮಾರು 28 ಶೇಕಡಾ ವೋಟು ಅವರಿಗೆ ಸಾಕಾಯಿತು. ಡೆಟ್ರಾಯಿಟ್ ಇರುವ ಆ ಕ್ಷೇತ್ರದಲ್ಲಿ ಆಮೇಲಿನ ಗೆಲುವು ಹೆಚ್ಚುಕಮ್ಮಿ ಖಚಿತವಿತ್ತು.

ಈಗ ನಿಮ್ಮ ಮುಂದಿರುವ ದಾರಿಗಳು. ನಾನಾಗಿದ್ದರೆ ಯಾವುದೋ ಒಂದು ದೊಡ್ಡ ಪಕ್ಷದಲ್ಲಿ ಹೆಸರು ಬರೆಸುತ್ತಿದ್ದೆ. ಪ್ರೀತಿಯಿಂದಲ್ಲ, ಬಾಗಿಲು ತೆರೆಯಲಿ ಅಂತ. ನಿಮ್ಮ ಕ್ಷೇತ್ರದಲ್ಲಿ ಯಾವ ಪ್ರೈಮರಿಯಲ್ಲಿ ಜೋರು ಪೈಪೋಟಿ ಇದೆ ಅಂತ ನೋಡಿ ಆರಿಸಿಕೊಳ್ಳಿ. ಗ್ರೀನ್ ಅಥವಾ ಲಿಬರ್ಟೇರಿಯನ್ ಅಂತ ಬರೆಸಿದರೆ ಆ ಪಕ್ಷಕ್ಕೆ ಲೆಕ್ಕದಲ್ಲಿ ಬಲ ಬರುತ್ತೆ, ಆದರೆ ಮೇ ತಿಂಗಳಲ್ಲಿ ನಿಮಗೆ ಬ್ಯಾಲೆಟ್ ಸಿಗಲ್ಲ. ಏನೂ ಬೇಡ ಅಂತ ಈಗಿರುವ ಹಾಗೇ ಇರಬಹುದು. ಅದೂ ನಿಮ್ಮ ಹಕ್ಕು. ಆಗ ಬೇರೆಯವರು ಆರಿಸಿಕೊಟ್ಟವರಲ್ಲಿ ನೀವು ಆರಿಸಬೇಕಾಗುತ್ತದೆ.

ಪ್ರೈಮರಿಯಲ್ಲಿ ಪ್ರತಿಭಟನೆಯ ವೋಟಿಗೂ ಜಾಗ ಇದೆ. 2024ರ ಏಪ್ರಿಲ್ ಪ್ರೈಮರಿ ಹೊತ್ತಿಗೆ, ಅಧ್ಯಕ್ಷ ಹುದ್ದೆಗೆ ರಿಪಬ್ಲಿಕನ್ ಟಿಕೆಟ್ ಕೇಳಿದ್ದ ನಿಕ್ಕಿ ಹೇಲಿ ಕಣದಿಂದ ಹಿಂದೆ ಸರಿದು ಏಳು ವಾರ ಆಗಿತ್ತು. ಆದರೂ ಪೆನ್ಸಿಲ್ವೇನಿಯಾದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ರಿಪಬ್ಲಿಕನ್ನರು ಅವರ ಹೆಸರಿಗೇ ಹಾಕಿದರು. ಪಕ್ಷಗಳು ಇಂಥದ್ದನ್ನು ವಾರ್ಡ್‌ವಾರು ಕೂತು ಓದುತ್ತವೆ. ಅದರಿಂದ ಯಾರೂ ಸೋಲಲಿಲ್ಲ, ಅಸಮಾಧಾನ ಎಲ್ಲಿದೆ ಅಂತ ಮಾತ್ರ ತಿಳಿಯಿತು. ನಮ್ಮ ನೋಟಾ ಥರದ್ದು ಪೆನ್ಸಿಲ್ವೇನಿಯಾದಲ್ಲಿ ಇಲ್ಲ. ಅಮೆರಿಕದಲ್ಲಿ ಅದು ಇರೋದು ನೆವಾಡಾ ರಾಜ್ಯದಲ್ಲಿ, 1975ರಿಂದ.

ನವೆಂಬರ್ ಬ್ಯಾಲೆಟ್ಟನ್ನು ಮೇಲಿಂದ ಕೆಳಗೆ ಒಂದೇ ಪಕ್ಷ ಅಂತ ನೋಡಬೇಡಿ. ಒಂದೊಂದು ಹುದ್ದೆಯನ್ನೂ ಬೇರೆಯಾಗಿ ನೋಡಿ. ಸೆನೆಟ್, ಗವರ್ನರ್, ಅಧ್ಯಕ್ಷ ಥರದ ರಾಜ್ಯಮಟ್ಟದ ಸ್ಪರ್ಧೆಯಲ್ಲಿ, ಇಬ್ಬರಲ್ಲಿ ಯಾರು ಬಂದರೂ ನನಗೆ ಒಂದೇ ಅಂತ ನಿಜವಾಗಿ ಅನಿಸಿದರೆ ಮೂರನೆಯವರಿಗೆ ಹಾಕಿ, ತಲೆಕೆಡಿಸಿಕೊಳ್ಳಬೇಡಿ. ಒಬ್ಬರು ಬಂದರೆ ನನ್ನ ಮನೆಗೆ, ನನ್ನ ಕೆಲಸಕ್ಕೆ, ಮಕ್ಕಳ ಶಾಲೆಗೆ ಜಾಸ್ತಿ ತೊಂದರೆ ಅನಿಸಿದರೆ, ಪೆನ್ಸಿಲ್ವೇನಿಯಾದಲ್ಲಿ ಮೂರನೇ ವೋಟಿಗೆ ಬೆಲೆ ತೆರಬೇಕಾಗಬಹುದು. ಅದು ಗೊತ್ತಿದ್ದೇ ಹಾಕಿ. ಸೀಟು ಮೊದಲೇ ಯಾರದೋ ಅಂತ ತೀರ್ಮಾನವಾದ ಕಡೆ ಈ ಆತಂಕ ಬೇಡ. ಹೆಸರು ಕೈಯಲ್ಲಿ ಬರೆದು ಹಾಕುವ ಅವಕಾಶವೂ ಇದೆ. ಅಲಾಸ್ಕಾದಲ್ಲಿ ಲೀಸಾ ಮರ್ಕೌಸ್ಕಿ 2010ರಲ್ಲಿ ಪ್ರೈಮರಿ ಸೋತು, ಜನ ಹೆಸರು ಬರೆದು ಹಾಕಿದ ವೋಟಿನಿಂದಲೇ ಸೆನೆಟ್‌ಗೆ ಮರಳಿದರು. ಅಂಥದ್ದು ಬಹಳ ಅಪರೂಪ.

ಕಡೆಗೆ ಒಂದು ವಿಷಯ. ನೀವು ಕೇಳಿಲ್ಲ, ಆದರೆ ನಿಮಗೆ ಎಲ್ಲಕ್ಕಿಂತ ಹತ್ತಿರದ್ದು. ಪೆನ್ಸಿಲ್ವೇನಿಯಾದಲ್ಲಿ ಸ್ಕೂಲ್ ಬೋರ್ಡ್‌ಗೆ ನಿಲ್ಲುವವರು ಎರಡೂ ಪಕ್ಷಗಳ ಪ್ರೈಮರಿಯಲ್ಲಿ ಒಟ್ಟಿಗೆ ನಿಲ್ಲಬಹುದು. ಎರಡೂ ಕಡೆ ಗೆದ್ದರೆ ನವೆಂಬರ್‌ನಲ್ಲಿ ಎದುರಾಳಿಯೇ ಇರದೆ ಹೋಗಬಹುದು. ನಿಮ್ಮ ಮಕ್ಕಳ ಶಾಲೆಯ ಬಜೆಟ್ಟು, ನಿಮ್ಮ ಮನೆಯ ಪ್ರಾಪರ್ಟಿ ಟ್ಯಾಕ್ಸಿನ ದೊಡ್ಡ ಪಾಲು ತೀರ್ಮಾನಿಸುವವರು ಇವರು. ಈ ಚುನಾವಣೆ ಬೆಸ ಸಂಖ್ಯೆಯ ವರ್ಷಗಳಲ್ಲಿ ನಡೆಯುತ್ತದೆ, ಪ್ರೈಮರಿ ಮೇ ತಿಂಗಳ ಮೂರನೇ ಮಂಗಳವಾರ. ಆ ದಿನಕ್ಕೆ 15 ದಿನ ಮುಂಚೆ ನಿಮ್ಮ ರಿಜಿಸ್ಟ್ರೇಷನ್ ಬದಲಾಗಿರಬೇಕು. ರಾಜ್ಯದ ಚುನಾವಣಾ ವೆಬ್‌ಸೈಟಿನಲ್ಲಿ ಆನ್‌ಲೈನ್ ಫಾರಂ ಇದೆ, ಕೂತಲ್ಲೇ ಮುಗಿಯುತ್ತದೆ. ತುಂಬಿದ ಮೇಲೆ ಕೌಂಟಿಯಿಂದ ಹೊಸ ಕಾರ್ಡ್ ಬಂತಾ, ಅದರಲ್ಲಿ ಪಕ್ಷ ಸರಿಯಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.